ಹಿಡಿ ಎಂದರೆ ಎಷ್ಟು ಗ್ರಾಂ?

ಅಣ್ಣಿಗೇರಿಯ ನಮ್ಮ ಮನೆಯಲ್ಲಿ ಅಕ್ಕಿಗೆ ಸೇರು, ಮಾಂಸಕ್ಕೆ ತಕ್ಕಡಿ. ಬಿರಿಯಾನಿಯ ಪುದೀನ, ಕೊತ್ತಂಬರಿಗೆ ಮಾತ್ರ ಅಮ್ಮನ ಹಿಡಿಯೇ ಅಳತೆ. 1956ರ ಕಾಯ್ದೆ ಸೇರು, ಪಾವುಗಳನ್ನು ಬಿಡಿಸಿ ಕಿಲೋ ತಂದಿತು. ಹಿಡಿಯನ್ನು ಯಾರೂ ಬಿಡಿಸಲಿಲ್ಲ. ಮದುವೆಯಾಗಿ ದೂರ ಹೋದ ತಂಗಿ ಒಮ್ಮೆ ಫೋನಿನಲ್ಲಿ, ‘ಹಿಡಿ ಅಂದ್ರ ಎಷ್ಟು ಗ್ರಾಂ ಅಮ್ಮಾ?’ ಎಂದಳು. ಅಮ್ಮ ನಕ್ಕು, ‘ಬಂದಾಗ ನನ್ನ ಹಿಡಿ ತೂಗಿ ನೋಡವಾ’ ಎಂದರು. ಯಾರೂ ತೂಗಲಿಲ್ಲ.

ಅಮ್ಮ ತೀರಿಕೊಂಡ ಮೇಲೆ ಬಂದ ಮೊದಲ ಹಬ್ಬಕ್ಕೆ ನಾವೆಲ್ಲ ತಕ್ಕಡಿ ಇಟ್ಟುಕೊಂಡು ಕುಳಿತೆವು. ಹೆಚ್ಚಿದ ಕೊತ್ತಂಬರಿಯನ್ನು ಕಪ್ಪಿನಲ್ಲಿ ಸಡಿಲವಾಗಿ ತುಂಬಿದರೆ ಸುಮಾರು 16 ಗ್ರಾಂ. ಒತ್ತಿ ತುಂಬಿದರೆ ಹೆಚ್ಚುಕಡಿಮೆ ಎರಡರಷ್ಟು. ಸಂತೆಯ ಸಿವುಡು ಒಂದು ದಪ್ಪ, ಇನ್ನೊಂದು ಬಡಕಲು. ಬೇರು, ದಂಟು, ಚಿಮುಕಿಸಿದ ನೀರು ಎಲ್ಲವೂ ತೂಕಕ್ಕೆ ಸೇರುತ್ತವೆ. ಸೊಪ್ಪಿನಲ್ಲಿ ಹತ್ತಕ್ಕೆ ಒಂಬತ್ತು ಪಾಲು ನೀರೇ. ಬಿಸಿಲಿಗೆ ಬಾಡಿದರೆ ಅದೇ ಸಿವುಡು ಹಗುರ.

ಕೊನೆಗೆ ದಂಟು ತೆಗೆದು, ನೀರು ಜಾಡಿಸಿ, ಅಕ್ಕನ ಹಿಡಿಯನ್ನು ತೂಗಿದೆವು. ಅವಳ ಕೈ ಅಮ್ಮನ ಕೈಯಂತೆಯೇ. 20 ಗ್ರಾಂ ಬಂತು. ತಂಗಿ ಅದನ್ನು ಬರೆದುಕೊಂಡಳು. ಬಿರಿಯಾನಿ ಚೆನ್ನಾಗಿಯೇ ಆಯಿತು. ಉಣ್ಣುವಾಗ ಯಾರೂ ಹೆಚ್ಚು ಮಾತಾಡಲಿಲ್ಲ. ತೂಗಬೇಕಾದ ಕೈ ಇದ್ದಾಗಲೇ ನಾವು ತೂಗಬೇಕಿತ್ತು.