ಹಳೆಯ ಪೈಥಾನ್‌ನ ಕೈ ಬಿಡುವುದು ಯಾವಾಗ?

2024ರ ಅಕ್ಟೋಬರ್ 7ರಂದು ಪೈಥಾನ್ ಭಾಷೆಯ 3.13ನೇ ಆವೃತ್ತಿ ಬಿಡುಗಡೆಯಾಯಿತು. ಅದೇ ದಿನ 3.8ರ ಆಯುಸ್ಸು ಮುಗಿಯಿತು. 2019ರ ಅಕ್ಟೋಬರ್‌ನಲ್ಲಿ ಹುಟ್ಟಿದ್ದ ಅದಕ್ಕೆ ಹೆಚ್ಚುಕಡಿಮೆ ಐದು ವರ್ಷ ತುಂಬಿತ್ತು. ಪ್ರತಿ ಆವೃತ್ತಿಗೂ ಸುಮಾರು ಐದು ವರ್ಷ, ಆಮೇಲೆ ಭದ್ರತೆಯ ತಿದ್ದುಪಡಿಯೂ ಇಲ್ಲ. ಪೈಥಾನ್ ಬಳಗದ ಲೆಕ್ಕ ಇಷ್ಟು ಸರಳ.

ಆ ಲೆಕ್ಕ ನನಗೆ ಅಷ್ಟು ಸರಳವಾಗಿರಲಿಲ್ಲ. ವಡೋದರಾದಲ್ಲಿ ಕೆಲಸದಲ್ಲಿರುವ ನಾನು ಬಿಡುವಿನ ವೇಳೆಯಲ್ಲಿ ಒಂದು ಚಿಕ್ಕ ಓಪನ್ ಸೋರ್ಸ್ ಲೈಬ್ರರಿ ನೋಡಿಕೊಳ್ಳುತ್ತೇನೆ. ಎಕ್ಸೆಲ್ ಹಾಳೆಯಲ್ಲಿರುವ ಬಿಲ್ಲುಗಳನ್ನು ಓದಿ, ಜಿಎಸ್‌ಟಿ ಇ-ಇನ್‌ವಾಯ್ಸ್‌ಗೆ ಬೇಕಾದ ಜೇಸನ್ ಕಡತ ಮಾಡಿಕೊಡುವುದು ಅದರ ಕೆಲಸ. ಆ ಕಡತವನ್ನು ಸರ್ಕಾರದ ಪೋರ್ಟಲ್‌ಗೆ ಹಾಕಿದರೆ ಪ್ರತಿ ಬಿಲ್ಲಿಗೆ 64 ಅಕ್ಷರಗಳ ಒಂದು ಗುರುತು ಮತ್ತು ಕ್ಯೂಆರ್ ಕೋಡ್ ಬರುತ್ತದೆ. 2020ರ ಅಕ್ಟೋಬರ್‌ನಲ್ಲಿ ಇದು ಶುರುವಾದಾಗ 500 ಕೋಟಿಗಿಂತ ಹೆಚ್ಚು ವಹಿವಾಟಿನವರಿಗೆ ಮಾತ್ರ ಇತ್ತು. ಮಿತಿ ಇಳಿಯುತ್ತ ಬಂದು 2023ರ ಆಗಸ್ಟ್ 1ರಿಂದ 5 ಕೋಟಿಗೆ ಬಂತು. ಅಂದರೆ ನಮ್ಮ ಬಳಕೆದಾರರು ವರ್ಷದಿಂದ ವರ್ಷಕ್ಕೆ ಚಿಕ್ಕವರಾಗುತ್ತ ಹೋದರು. ಅವರ ಕಂಪ್ಯೂಟರುಗಳೂ ಹಳೆಯವಾಗುತ್ತ ಹೋದವು.

ಅಹಮದಾಬಾದ್, ವಡೋದರಾ, ಸೂರತ್ ಒಂದೇ ರೈಲು ಮಾರ್ಗದ ಮೇಲಿವೆ. ಈ ಮೂರೂ ಊರುಗಳಿಂದ ನನಗೆ ಬರುತ್ತಿದ್ದ ಕೋರಿಕೆಗಳು ಮಾತ್ರ ಮೂರು ದಿಕ್ಕಿನವು. ಅಹಮದಾಬಾದಿನ ಸಾಫ್ಟ್‌ವೇರ್ ಹುಡುಗರು ನಮ್ಮ ಲೈಬ್ರರಿಯನ್ನು ತಮ್ಮ ಸರ್ವರ್‌ನಲ್ಲಿ ಬಳಸುತ್ತಾರೆ. ನೀವು 3.8ಕ್ಕಾಗಿ ಕಾಯುತ್ತ ಕೂತರೆ ನಾವು 3.13ಕ್ಕೆ ಹೋಗುವುದು ಯಾವಾಗ ಎನ್ನುವುದು ಅವರ ತಕರಾರು. ವಡೋದರಾದ ಮಕರಪುರಾ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಮಾಲು ಹೊರಬೀಳುವ ಬಾಗಿಲ ಬಳಿ ತೂಕದ ಯಂತ್ರಕ್ಕೆ ಕಟ್ಟಿದ ಕಂಪ್ಯೂಟರ್ ಇದೆ. ಆ ಯಂತ್ರದ ಡ್ರೈವರ್ ವಿಂಡೋಸ್ 7ರ ಆಚೆಗೆ ಬಂದೇ ಇಲ್ಲ. ಸೂರತ್‌ನ ರಿಂಗ್ ರೋಡಿನ ಜವಳಿ ಮಾರುಕಟ್ಟೆಯ ಕೆಲವು ಅಂಗಡಿಗಳಲ್ಲೂ ವಿಂಡೋಸ್ 7 ಇದೆ. ಅಲ್ಲಿ ಕಾರಣ ಡ್ರೈವರ್ ಅಲ್ಲ. ನಡೆಯುತ್ತಿರುವುದನ್ನು ಯಾಕೆ ಮುಟ್ಟಬೇಕು ಎನ್ನುವ ವ್ಯಾಪಾರದ ಬುದ್ಧಿ. ಕಡತವನ್ನು ಪೆನ್ ಡ್ರೈವ್‌ನಲ್ಲಿ ಲೆಕ್ಕಪತ್ರದವರ ಬಳಿ ಒಯ್ದು ಅಲ್ಲಿಂದ ಪೋರ್ಟಲ್‌ಗೆ ಹಾಕುತ್ತಾರೆ. ಅಂಗಡಿಯ ಕಂಪ್ಯೂಟರಿಗೆ ಇಂಟರ್ನೆಟ್ಟೇ ಇಲ್ಲ.

ವಿಂಡೋಸ್ 7ರ ಮೇಲೆ ಓಡುವ ಕೊನೆಯ ಪೈಥಾನ್ 3.8. ಆದ್ದರಿಂದ ಅದು ನಮ್ಮ ಪಾಲಿಗೆ ಹತ್ತರಲ್ಲಿ ಒಂದು ಆವೃತ್ತಿಯಲ್ಲ, ಒಂದು ಗೋಡೆ. 3.9ರಲ್ಲಿರುವವರಿಗೆ 3.10 ಹಾಕಿಕೊಳ್ಳಿ ಎನ್ನಬಹುದು, ಅರ್ಧ ಗಂಟೆಯ ಕೆಲಸ. 3.8ರಲ್ಲಿ ನಿಂತವರಿಗೆ ಹಾಗೆ ಹೇಳಿದರೆ ಕಂಪ್ಯೂಟರನ್ನೋ ತೂಕದ ಯಂತ್ರವನ್ನೋ ಬದಲಿಸಿ ಎಂದು ಹೇಳಿದಂತೆ.

ಎಷ್ಟು ಜನ ಹಳೆಯದನ್ನು ಬಳಸುತ್ತಾರೆ ಎಂದು ಎಣಿಸಿ ತೀರ್ಮಾನಿಸಿ ಎಂಬ ಸಲಹೆ ಸಹಜ. ಎಣಿಕೆ ಸಿಗುತ್ತದೆ ಕೂಡ. ಪಿಪ್ ಎಂಬ ಸಾಧನ ಲೈಬ್ರರಿಯನ್ನು ಇಳಿಸಿಕೊಳ್ಳುವಾಗ ತಾನು ಯಾವ ಪೈಥಾನ್‌ನಲ್ಲಿ ಓಡುತ್ತಿದ್ದೇನೆಂದು ಹೇಳುತ್ತದೆ. ಆ ಅಂಕಿಅಂಶ ಎಲ್ಲರಿಗೂ ತೆರೆದಿದೆ. ಆದರೆ ಅದು ಎಣಿಸುವುದು ಇಳಿಕೆಗಳನ್ನು, ಬಳಕೆದಾರರನ್ನಲ್ಲ. ಯಾವುದೋ ಕ್ಲೌಡ್‌ನಲ್ಲಿ ದಿನಕ್ಕೆ ನೂರು ಸಲ ಪರೀಕ್ಷೆ ಓಡಿಸುವ ಒಂದು ಯಂತ್ರ ನೂರು ಜನರಂತೆ ಕಾಣುತ್ತದೆ. 2023ರಲ್ಲಿ ಒಮ್ಮೆ ಪೆನ್ ಡ್ರೈವ್‌ನಿಂದ ಹಾಕಿಸಿಕೊಂಡು ಇಂದಿಗೂ ಪ್ರತಿದಿನ ಬಿಲ್ಲು ಮಾಡುವ ಸೂರತ್‌ನ ಅಂಗಡಿ ಸೊನ್ನೆಯಾಗಿ ಕಾಣುತ್ತದೆ. ಹಳೆಯ ಆವೃತ್ತಿಯಲ್ಲಿ ನಿಂತವರೇ ಈ ಲೆಕ್ಕದಲ್ಲಿ ಹೆಚ್ಚು ಮರೆಯಾಗುವವರು.

ಹಾಗೆಂದು ಹಳೆಯದನ್ನು ಸುಮ್ಮನೆ ಹೊತ್ತು ನಡೆಯುವುದೂ ಬಿಟ್ಟಿಯಲ್ಲ. ಪ್ರತಿ ಬದಲಾವಣೆಯನ್ನೂ ಪ್ರತಿ ಆವೃತ್ತಿಯಲ್ಲಿ ಪರೀಕ್ಷಿಸಬೇಕು. ನಾವು ಅವಲಂಬಿಸಿದ ಬೇರೆ ಲೈಬ್ರರಿಗಳು 3.8ನ್ನು ಬಿಟ್ಟಾಗ, ಅವುಗಳ ಹಳೆಯ, ತಿದ್ದುಪಡಿ ನಿಂತ ಆವೃತ್ತಿಗೇ ನಾವು ಅಂಟಿಕೊಳ್ಳಬೇಕು. ನಂಪೈ ಬಳಗ 2019ರಲ್ಲೇ ಒಂದು ನಿಯಮ ಮಾಡಿಕೊಂಡಿತು: ಪೈಥಾನ್‌ನ ಒಂದು ಆವೃತ್ತಿ ಬಂದು 42 ತಿಂಗಳಾದ ಮೇಲೆ ಅದಕ್ಕೆ ಬೆಂಬಲವಿಲ್ಲ. ಇನ್ನೊಂದು ತುದಿಯಲ್ಲಿ, ರೆಡ್ ಹ್ಯಾಟ್ ಲಿನಕ್ಸ್ 8ರ ಜೊತೆ ಬರುವ ಪೈಥಾನ್ 3.6ಕ್ಕೆ ಆ ಕಂಪನಿ 2029ರವರೆಗೆ ಬೆಂಬಲ ಕೊಡುತ್ತದೆ. ಅದಕ್ಕಾಗಿ ಅದು ಹಣ ಪಡೆಯುತ್ತದೆ. ರಾತ್ರಿ ಊಟದ ನಂತರ ಕೂತು ಕೆಲಸ ಮಾಡುವವರು ಅದನ್ನೇ ಉಚಿತವಾಗಿ ಮಾಡಬೇಕೆಂದು ಯಾರೂ ನಿರೀಕ್ಷಿಸಬಾರದು.

ಈ ಎರಡು ತುದಿಗಳ ನಡುವೆ ನನಗೆ ದಾರಿ ತೋರಿಸಿದ್ದು ಐಪೈಥಾನ್ ಬಳಗದ ಹಳೆಯ ಉದಾಹರಣೆ. 2017ರ ಏಪ್ರಿಲ್‌ನಲ್ಲಿ ಬಂದ ಅವರ 6.0 ಆವೃತ್ತಿ ಪೈಥಾನ್ 2ನ್ನು ಬಿಟ್ಟಿತು. ಪೈಥಾನ್ 2 ಪೂರ್ತಿ ನಿಂತದ್ದು 2020ರ ಜನವರಿ 1ಕ್ಕೆ. ಇವರು ಅದಕ್ಕೆ ಎರಡೂವರೆ ವರ್ಷ ಮೊದಲೇ ಬಿಟ್ಟಿದ್ದರು. ಆದರೆ 5ನೇ ಸರಣಿಯನ್ನು ಹಳಬರಿಗಾಗಿ ದೀರ್ಘಕಾಲದ ಬೆಂಬಲದ ಆವೃತ್ತಿಯಾಗಿ ಉಳಿಸಿಕೊಂಡರು. ಅಷ್ಟರಲ್ಲಿ, 2016ರ ನವೆಂಬರ್‌ನಲ್ಲಿ ಬಂದ ಪಿಪ್ 9.0, ಇದಕ್ಕೆ ಇಂಥ ಪೈಥಾನ್ ಬೇಕು ಎಂದು ಲೈಬ್ರರಿ ಬರೆದಿಟ್ಟ ಸಾಲನ್ನು ಓದಲು ಕಲಿತಿತ್ತು. ಆ ಸಾಲು ಸರಿಯಾಗಿದ್ದರೆ ಹಳೆಯ ಪೈಥಾನ್ ಇರುವವರಿಗೆ ಹೊಸದರ ಬದಲು ಅವರಿಗೆ ಹೊಂದುವ ಕೊನೆಯ ಆವೃತ್ತಿ ತಾನಾಗಿ ಸಿಗುತ್ತದೆ. ಕೈ ಬಿಡುವುದು ಅಂದರೆ ಒಡೆದುಹಾಕುವುದಲ್ಲ. ಹೊಸದು ಬರುವುದಿಲ್ಲ, ಇದ್ದದ್ದು ಇದ್ದಂತೆ ನಡೆಯುತ್ತದೆ.

ಹಾಗಿದ್ದರೆ ಚಿಂತೆ ಯಾಕೆ? ಇದ್ದದ್ದು ಇದ್ದಂತೆ ನಡೆಯಲು ಹೊರಗಿನ ಜಗತ್ತೂ ನಿಂತಿರಬೇಕು. ಚಿತ್ರಗಳ ಅಳತೆ ಬದಲಿಸುವ ಲೈಬ್ರರಿಯಾದರೆ 2024ರ ಆವೃತ್ತಿ 2034ರಲ್ಲೂ ಅದೇ ಕೆಲಸ ಮಾಡೀತು. ತೆರಿಗೆಯ ಲೈಬ್ರರಿ ಹಾಗಲ್ಲ, ಒಂದು ಅಧಿಸೂಚನೆ ಸಾಕು ಅದು ಹಳಸಲು. ನಮ್ಮಲ್ಲಿ ಎರಡು ಬಗೆಯ ಬದಲಾವಣೆಗಳಿವೆ: ನಮ್ಮ ಅನುಕೂಲಕ್ಕಾಗಿ ನಾವು ಮಾಡುವವು, ಕಾನೂನು ಹೇಳಿದ್ದಕ್ಕೆ ಮಾಡಲೇಬೇಕಾದವು. ಮೊದಲನೆಯದನ್ನು ಹಳಬರಿಗೆ ಕೊಡದಿದ್ದರೆ ಅವರಿಗೇನೂ ನಷ್ಟವಿಲ್ಲ. ಎರಡನೆಯದನ್ನು ಕೊಡದಿದ್ದರೆ ಅವರ ಬಿಲ್ಲೇ ತಪ್ಪಾಗುತ್ತದೆ.

ಈ ವಿಂಗಡಣೆ ಸಿಕ್ಕ ಮೇಲೆ ತೀರ್ಮಾನ ಕಷ್ಟವಾಗಲಿಲ್ಲ. ಮುಖ್ಯ ಲೈಬ್ರರಿ 3.8ನ್ನು ಬಿಡುತ್ತದೆ. ಹಳೆಯ ಕವಲು ಒಂದು ನಿಗದಿತ ದಿನದವರೆಗೆ ಉಳಿಯುತ್ತದೆ, ಆದರೆ ಅದಕ್ಕೆ ಬರುವುದು ಕಾನೂನಿನ ಬದಲಾವಣೆ ಮಾತ್ರ. ತೆರಿಗೆ ದರಗಳ ಪಟ್ಟಿ ಕೋಡ್‌ನಿಂದ ಹೊರಬಂದು ಬೇರೆ ಕಡತವಾಗುತ್ತದೆ, ಅದನ್ನು ಎರಡೂ ಕವಲುಗಳು ಓದುತ್ತವೆ.

ದಿನಾಂಕದ ಬಗ್ಗೆ ಮಾತ್ರ ನಾನು ಹಟ ಹಿಡಿದೆ. ಪೈಥಾನ್‌ನ ವರ್ಷ ಅಕ್ಟೋಬರ್‌ನಲ್ಲಿ ತಿರುಗುತ್ತದೆ. ಸೂರತ್‌ನ ಜವಳಿ ಮಾರುಕಟ್ಟೆಗೆ ಅದು ದೀಪಾವಳಿಯ ಭರಾಟೆಯ ಕಾಲ. ಹಬ್ಬದಂದು ಚೋಪಡಾ ಪೂಜೆ ಮಾಡಿ ಹೊಸ ಲೆಕ್ಕದ ಪುಸ್ತಕ ತೆರೆಯುತ್ತಾರೆ. ಆದರೆ ಸರ್ಕಾರದ ಲೆಕ್ಕ ಮುಗಿಯುವುದು ಮಾರ್ಚ್ 31ಕ್ಕೆ. ಆದ್ದರಿಂದ ಮುಖ್ಯ ಲೈಬ್ರರಿ 3.8ನ್ನು ಬಿಡುವುದು 2025ರ ಏಪ್ರಿಲ್ 1ಕ್ಕೆ, ಹಳೆಯ ಕವಲು ಮುಚ್ಚುವುದು 2026ರ ಮಾರ್ಚ್ 31ಕ್ಕೆ ಎಂದು ಬರೆದೆವು. ಆರು ತಿಂಗಳು ತಡವಾಯಿತೆಂದು ಅಹಮದಾಬಾದಿನವರು ಗೊಣಗಿದರು. ಆದರೆ ದಿನಾಂಕ ಕಣ್ಣೆದುರು ಇದ್ದದ್ದರಿಂದ ತಮ್ಮ ಕೆಲಸವನ್ನು ಅದಕ್ಕೆ ಹೊಂದಿಸಿಕೊಂಡರು. ನಮ್ಮ ಬಳಕೆದಾರರನ್ನು ಕಾಡುತ್ತಿದ್ದದ್ದು ತಡಕ್ಕಿಂತ ಹೆಚ್ಚಾಗಿ ಅನಿಶ್ಚಿತತೆ.

2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳೇ ಬದಲಾದವು. ಶೇಕಡಾ 12 ಮತ್ತು 28ರ ಹಂತಗಳು ಬಹುಮಟ್ಟಿಗೆ ಹೋದವು. ಕೃತಕ ನಾರಿನ ಮೇಲಿನ ತೆರಿಗೆ 18ರಿಂದ 5ಕ್ಕೆ, ಕೃತಕ ನೂಲಿನದು 12ರಿಂದ 5ಕ್ಕೆ ಇಳಿಯಿತು. ಕೃತಕ ನಾರಿನ ಬಟ್ಟೆಯನ್ನೇ ನಂಬಿದ ಸೂರತ್‌ಗೆ ಅದು ಸಣ್ಣ ಸುದ್ದಿಯಲ್ಲ. ಹಬ್ಬದ ಹೊತ್ತು ಬೇರೆ. ನಾವು ದರಗಳ ಪಟ್ಟಿಯ ಕಡತವೊಂದನ್ನು ಬದಲಿಸಿದೆವು. ವಿಂಡೋಸ್ 7ರ ಅಂಗಡಿಗಳಿಗೆ ಅದು ಪೆನ್ ಡ್ರೈವ್‌ನಲ್ಲಿ ಹೋಯಿತು. 3.8ರಲ್ಲಿ ಯಾರೂ ಹೊಸ ಕೋಡ್ ಬರೆಯಬೇಕಾಗಲಿಲ್ಲ.

2025ರ ಅಕ್ಟೋಬರ್‌ನಲ್ಲಿ 3.9ರ ಅವಧಿಯೂ ಮುಗಿಯಿತು. ಅದನ್ನು ಹೇಗೆ ಬಿಡುತ್ತೀರಿ ಎಂದು ಅಹಮದಾಬಾದಿನಿಂದ ಪ್ರಶ್ನೆ ಬಂತು. ಮುಂದಿನ ಏಪ್ರಿಲ್ 1ಕ್ಕೆ, ಪ್ರತ್ಯೇಕ ಕವಲಿಲ್ಲದೆ ಎಂದು ಬರೆದೆ. 3.9ರ ಹಿಂದೆ ಯಾವ ಗೋಡೆಯೂ ಇಲ್ಲ. ಅದರಲ್ಲಿರುವವರೆಲ್ಲ ಮುಂದಕ್ಕೆ ಹೋಗಬಲ್ಲವರು. ಮುಂದಿನ ಗೋಡೆ 3.12: ವಿಂಡೋಸ್ 8.1ರ ಮೇಲೆ ಓಡುವ ಕೊನೆಯ ಪೈಥಾನ್ ಅದು, ಅದರ ಅವಧಿ 2028ರ ಅಕ್ಟೋಬರ್‌ವರೆಗೆ. ಅದರ ಹಿಂದೆ ಯಾರು ನಿಂತಿದ್ದಾರೆಂದು ಈಗಿನಿಂದಲೇ ಕೇಳತೊಡಗಿದ್ದೇವೆ, ಇಳಿಕೆಯ ಅಂಕಿಗಳಿಂದಲ್ಲ, ಫೋನ್ ಮಾಡಿ.