ಮುದಗಲ್ಲಿನ ಕ್ರೈಸ್ತರು
ಸಿಂಧನೂರು, ಮಸ್ಕಿಗಳಲ್ಲಿ ಯೇಸುಸ್ವಾಮಿಯ ನಾಮವನ್ನು ನಾಲ್ವರೆದುರು ಉಚ್ಚರಿಸಲು ಅಳುಕುವ ತರುಣ ವಿಶ್ವಾಸಿಗಳಿದ್ದರೆ, ಅವರು ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನತ್ತ ಒಮ್ಮೆ ದೃಷ್ಟಿ ಹಾಯಿಸುವುದು ಉಚಿತ. ಸಂತ ಫ್ರಾನ್ಸಿಸ್ ಕ್ಸೇವಿಯರರ ಪರಂಪರೆಯ ಪಾದ್ರಿಗಳಿಂದ ದೀಕ್ಷೆ ಪಡೆದು, 1557ಕ್ಕೂ ಮೊದಲೇ ಚರ್ಚನ್ನು ಕಟ್ಟಿಕೊಂಡಿತೆಂದು ಹಳೆಯ ಗೆಜೆಟಿಯರು ಹೇಳುವ ಅಲ್ಲಿನ ಕ್ರೈಸ್ತಸಮುದಾಯವು, ಊರಿನ ಕೋಟೆಯು ವಿಜಯನಗರ, ಬಿಜಾಪುರ, ಮೊಗಲ, ನಿಜಾಮರ ಕೈಗಳಲ್ಲಿ ಹಾಯುತ್ತಿದ್ದ ಶತಮಾನಗಳುದ್ದಕ್ಕೂ ತನ್ನ ಶ್ರದ್ಧೆಯನ್ನು ಬಿಡಲಿಲ್ಲ. ಅದನ್ನು ಉಳಿಸಿದವರು ಪಂಡಿತರೆಂದು ನನಗೆ ತೋರದು; ಮಲಗುವ ಮುನ್ನ ಮೊಮ್ಮಗುವಿನ ಹಣೆಯ ಮೇಲೆ ಹೆಬ್ಬೆರಳಿನಿಂದ ಶಿಲುಬೆಯ ಗುರುತೆಳೆದು, ಪ್ರಭು ಕಲಿಸಿದ ಪ್ರಾರ್ಥನೆಯನ್ನು ತಪ್ಪಿದಲ್ಲೆಲ್ಲ ತಿದ್ದುತ್ತ ಪದಪದವಾಗಿ ಹೇಳಿಕೊಟ್ಟ ಅಜ್ಜಿಯರೇ ಇರಬೇಕು. ಧರ್ಮಸ್ವಾತಂತ್ರ್ಯ ನೀಡುವ ಸಂವಿಧಾನದ 25ನೆಯ ವಿಧಿಯು ಶ್ರದ್ಧೆಗೆ ಹೊರಗಿನ ರಕ್ಷೆಯನ್ನಿತ್ತಿದೆ. ಮನೆಯೊಳಗಿನ ಪಾಠವನ್ನು ಇಂದು ರಾತ್ರಿಯೇ ಆರಂಭಿಸಿರಿ.