ಮಿಕ್ಸಿ ಕೆಟ್ಟ ಸುದ್ದಿ ಯಾರಿಗೆ ಹೇಳೋಣ?

ಸಹೋದರಿಯರೇ, ನಿಮಗೊಂದು ಪ್ರಶ್ನೆ. ಬೆಳಿಗ್ಗೆ ಆರು ಗಂಟೆ. ಮೀನಿನ ಸಾರಿಗೆ ತೆಂಗಿನಕಾಯಿ ಅರೆಯುತ್ತಿದ್ದೀರಿ. ಅರ್ಧ ನುಣ್ಣಗಾಗಿದೆ, ಇನ್ನರ್ಧ ತರಿತರಿ. ಅಷ್ಟರಲ್ಲಿ ಮಿಕ್ಸಿ ಗುರ್ರೆಂದು ಒಮ್ಮೆ ನರಳಿ ನಿಂತುಬಿಡುತ್ತದೆ. ಈ ಸುದ್ದಿಯನ್ನು ನೀವು ಯಾರಿಗೆ ಹೇಳುತ್ತೀರಿ?

ಗಂಡನಿಗೆ ಹೇಳಿದರೆ "ರಿಪೇರಿಗೆ ಕೊಡು" ಎನ್ನುತ್ತಾರೆ. ಅವರ ಮಾತಿನಲ್ಲಿ ತಪ್ಪೇನಿಲ್ಲ. ಆದರೆ ಆ ಹೊತ್ತಿಗೆ ನಮಗೆ ಬೇಕಾಗಿರುವುದು ರಿಪೇರಿಯಲ್ಲ, ಯಾರಾದರೂ "ಅಯ್ಯೋ, ಅರ್ಧ ಅರೆದಾಗಲೇ ನಿಂತಿತಾ?" ಎಂದು ಕೇಳುವುದು. ಮಕ್ಕಳಿಗೆ ಹೇಳಿದರೆ ಇವತ್ತು ಆಮ್ಲೆಟ್ ಆದೀತೆಂದು ಖುಷಿಪಡುತ್ತಾರೆ. ಉಮ್ಮನಿಗೆ ಫೋನ್ ಮಾಡಿದರೆ ಮಗಳ ಮನೆಯಲ್ಲಿ ಮಿಕ್ಸಿಗೂ ಗತಿಯಿಲ್ಲ ಎಂದು ಇಡೀ ದಿನ ಕೊರಗುತ್ತಾರೆ.

ನಾನು ಏಳು ಜನರಿಗೆ ಹೇಳುತ್ತೇನೆ. ಜುಬೈಲಿನವಳು ಮೊದಲು ಉತ್ತರಿಸುತ್ತಾಳೆ. ಅಲ್ಲಿ ಆಗ ಮೂರೂವರೆ ಗಂಟೆ. ಬೇಸಿಗೆಯಲ್ಲಾದರೆ ಫಜ್ರ್‌ಗೆ ಎದ್ದಿರುತ್ತಾಳೆ. ನಂತರ ಪುತ್ತೂರಿನವಳು, ಭಟ್ಕಳದವಳು. ಶಿವಮೊಗ್ಗದವಳು ಮಾತ್ರ ಮಕ್ಕಳನ್ನು ಶಾಲೆಗೆ ಅಟ್ಟಿದ ಮೇಲೆ ಒಂಬತ್ತೂವರೆಗೆ "ಏನಾಯ್ತೇ?" ಎಂದು ಬರುತ್ತಾಳೆ, ಆಗ ಎಲ್ಲವನ್ನೂ ಮೊದಲಿನಿಂದ ಹೇಳಬೇಕು.

ಇವರ ಹೆಸರು ಬರೆಯುವುದಿಲ್ಲ, ಊರಿನಿಂದಲೇ ಕರೆಯುತ್ತೇನೆ. ಕಾರಣ ಮುಂದೆ ತಿಳಿಯುತ್ತದೆ.

1990ರ ದಶಕದಲ್ಲಿ ಹೆಣ್ಣುಮಕ್ಕಳ ಒಂದು ಮದ್ರಸದ ಹಾಸ್ಟೆಲಿನ ಒಂದೇ ಕೋಣೆಯಲ್ಲಿ ಮೂರು ವರ್ಷ ಮಲಗಿ ಎದ್ದವರು ನಾವು ಎಂಟು ಮಂದಿ. ನಮ್ಮಲ್ಲಿ ಐವರದ್ದು ಬ್ಯಾರಿ ಭಾಷೆ, ಭಟ್ಕಳದವಳದ್ದು ನವಾಯತಿ, ಶಿವಮೊಗ್ಗದವಳದ್ದು ಮತ್ತು ಈಗ ಶಾರ್ಜಾ ಸೇರಿದವಳದ್ದು ಉರ್ದು. ಹಾಗಾಗಿ ಕೋಣೆಯಲ್ಲಿ ನಡೆಯುತ್ತಿದ್ದುದು ಕನ್ನಡ. ಮದುವೆಯಾಗಿ ಚದುರಿದೆವು. ನಾನು ಉಪ್ಪಿನಂಗಡಿಯ ಕಡೆಗೆ ಬಂದೆ, ಅಂಚೆ ಮೂಲಕ ಬಿ.ಎ. ಮುಗಿಸಿದೆ, ಈಗ ಬೆಳಿಗ್ಗೆ ಮದ್ರಸದಲ್ಲಿ, ಹಗಲು ಶಾಲೆಯಲ್ಲಿ ಕಲಿಸುತ್ತೇನೆ. ಹದಿನೈದು ವರ್ಷ ನಮ್ಮೊಳಗೆ ಮದುವೆ ಕಾಗದ, ಮರಣದ ಸುದ್ದಿ ಬಿಟ್ಟರೆ ಬೇರೇನೂ ಇರಲಿಲ್ಲ. 2015ರಲ್ಲಿ ಪುತ್ತೂರಿನವಳು ಎಲ್ಲರ ನಂಬರು ಹುಡುಕಿ ವಾಟ್ಸ್ಯಾಪ್ ಗುಂಪು ಮಾಡಿದಳು.

ಗುಂಪಿಗೆ ಅವಳೇ ಕಾನೂನು ಹಾಕಿದಳು. ಹೂವಿನ ಚಿತ್ರದ ಶುಭೋದಯ ಕಳುಹಿಸಬಾರದು. "ಹತ್ತು ಜನರಿಗೆ ಕಳುಹಿಸಿದರೆ ಒಳ್ಳೆಯ ಸುದ್ದಿ ಕೇಳುವಿರಿ" ಎಂಬಂಥದ್ದು ಖಂಡಿತಾ ಕೂಡದು. ನಿನ್ನ ಮನೆಯಲ್ಲಿ ನಡೆದದ್ದನ್ನು ಮಾತ್ರ ಹೇಳು. ಇಷ್ಟೇ.

ಮೊದಮೊದಲು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಿದ್ದೆವು. ಈದ್ ದಿನ ಶಿವಮೊಗ್ಗದವಳು "ಶೀರ್ ಕುರ್ಮಾ ಹಾಳು" ಎಂದು ಬರೆದದ್ದನ್ನು ನಾವೆಲ್ಲಾ "ಹಾಲು" ಎಂದು ಓದಿ, "ಮಾಷಾ ಅಲ್ಲಾಹ್, ನಮಗೂ ಸ್ವಲ್ಪ ಇಡು" ಎಂದು ಉತ್ತರಿಸಿದೆವು. ಪಾಪ, ಆಕೆ ಹೊಸ ನಾದಿನಿಯ ಎದುರು ತಳ ಹಿಡಿಸಿಕೊಂಡು ಕಣ್ಣೀರಿನಲ್ಲಿದ್ದಳು. ಆಮೇಲೆ ಬರೆಯುವುದನ್ನು ಕಡಿಮೆ ಮಾಡಿ ಮಾತನ್ನೇ ತುಂಬಿಸಿ ಕಳುಹಿಸತೊಡಗಿದೆವು. ಶಾರ್ಜಾದವಳಿಗಂತೂ ಅದೇ ದಾರಿ. ಅಲ್ಲಿ ವಾಟ್ಸ್ಯಾಪ್‌ನಲ್ಲಿ ಕರೆ ಮಾಡಲು ಆಗುತ್ತಿರಲಿಲ್ಲ, ಧ್ವನಿ ಸಂದೇಶ ಮಾತ್ರ ಹೋಗುತ್ತಿತ್ತು.

ಏನು ಹೇಳುತ್ತಿದ್ದೆವು? ನೀವು ನಕ್ಕುಬಿಡಬಹುದು. ಮಳೆಗಾಲದಲ್ಲಿ ನಾಲ್ಕು ದಿನವಾದರೂ ಒಣಗದ ಯೂನಿಫಾರ್ಮನ್ನು ಒಲೆಯ ಮೇಲೆ ಹಿಡಿದು ಸುಟ್ಟುಕೊಂಡದ್ದು. ನೆಂಟರು ಬರುವ ದಿನವೇ ಗ್ಯಾಸ್ ಮುಗಿದದ್ದು. ಮೌಲ್ಯಮಾಪನಕ್ಕೆ ತಂದ ನಲವತ್ತು ಉತ್ತರಪತ್ರಿಕೆಗಳ ಮೇಲೆ ನನ್ನ ಕಿರಿಯವನು ಚಹಾ ಚೆಲ್ಲಿದ್ದು. ಖುಷಿಯ ಸುದ್ದಿಗಳೂ ಇದೇ ಗಾತ್ರದವು. ಎಣ್ಣೆ ಹೀರದ ಪೂರಿ. ಮಗ ತಾನಾಗಿ ಎದ್ದು ನಮಾಝ್ ಮಾಡಿದ್ದು. ಹಳೆಯ ಪರ್ಸಿನಲ್ಲಿ ಸಿಕ್ಕಿದ ಇನ್ನೂರು ರೂಪಾಯಿ.

ಸೌದಿಯಲ್ಲಿ 2018ರ ಜೂನ್‌ನಲ್ಲಿ ಹೆಂಗಸರಿಗೆ ಕಾರು ಓಡಿಸಲು ಅನುಮತಿ ಸಿಕ್ಕಿತಲ್ಲ, ಅದಕ್ಕಿಂತ ಮೊದಲು ಜುಬೈಲಿನವಳ ದೊಡ್ಡ ದೂರು ಕೊತ್ತಂಬರಿ ಸೊಪ್ಪು. ಒಂದು ಕಟ್ಟು ಸೊಪ್ಪಿಗೂ ಗಂಡ ಡ್ಯೂಟಿಯಿಂದ ಬರುವವರೆಗೆ ಕಾಯಬೇಕು, ಅವರೋ ಪುದೀನಾ ತರುತ್ತಾರೆ. ಲೈಸೆನ್ಸ್ ಸಿಕ್ಕಿದ ವಾರ ಅವಳಿಂದ ಹನ್ನೊಂದು ಸೆಕೆಂಡಿನ ಒಂದು ಸಂದೇಶ ಬಂತು. ಅದರಲ್ಲಿ ಮಾತೇ ಇರಲಿಲ್ಲ. ಕಾರಿನ ಹಾರ್ನ್ ಎರಡು ಸಲ, ಆಮೇಲೆ ಪ್ಲಾಸ್ಟಿಕ್ ಚೀಲದ ಸರಪರ ಸದ್ದು. ಏಳೂ ಮಂದಿಗೆ ಅರ್ಥವಾಯಿತು. ಕೊತ್ತಂಬರಿ!

ಇನ್ನು ನನ್ನ ತಪ್ಪಿನ ಕಥೆ. ಇದನ್ನು ಬಿಟ್ಟು ಬರೆಯಬಹುದಿತ್ತು, ಆದರೆ ಅದು ಸರಿಯಲ್ಲ.

2019ರ ಆಗಸ್ಟ್. ಕಾಪುವಿನವಳು ಒಂದು ಸಂದೇಶ ಕಳುಹಿಸಿದಳು. ಹಾಸ್ಟೆಲಿನಲ್ಲೂ ಅವಳದ್ದು ಎಲ್ಲರ ಧ್ವನಿ ಅನುಕರಿಸುವ ಅಭ್ಯಾಸ. ಮನೆಯಲ್ಲಿ ಹದಿನಾಲ್ಕು ಬೂತಾಯಿ ಹುರಿದಿದ್ದಾಳೆ. ಊಟವಾದ ಮೇಲೆ ಅತ್ತೆ ಬಟ್ಟಲುಗಳಲ್ಲಿ ಉಳಿದ ಮೀನಿನ ತಲೆಗಳನ್ನು ಲೆಕ್ಕ ಹಾಕಿದ್ದಾರೆ. ಹದಿಮೂರೇ ಸಿಕ್ಕಿವೆ. "ಇನ್ನೊಂದು ಎಲ್ಲಿ ಹೋಯಿತು, ಈಜಿಕೊಂಡು ಹೋಯಿತಾ?" ಎಂದು ಅತ್ತೆಯ ಧ್ವನಿಯಲ್ಲೇ ಹೇಳಿದ್ದಳು. ನಾನು ಅದನ್ನು ನಾಲ್ಕು ಸಲ ಕೇಳಿ ನಕ್ಕೆ. ನಗು ತಡೆಯದೆ ಶಾಲೆಯ ಸ್ಟಾಫ್ ರೂಮಿನಲ್ಲಿ ಸ್ಪೀಕರ್ ಹಾಕಿ ಕೇಳಿಸಿದೆ. ಎಲ್ಲರೂ ನಕ್ಕರು. ನಕ್ಕವರಲ್ಲಿ ಒಬ್ಬರಿಗೆ ಆ ಮನೆಯ ಕಡೆ ದೂರದ ನೆಂಟಸ್ತಿಕೆ ಇತ್ತೆಂಬುದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದುದು ಒಂದು ನೆಪವೇ?

ಹತ್ತು ದಿನದೊಳಗೆ ಮಾತು ಕಾಪುವಿಗೆ ತಲುಪಿತು. ಅತ್ತೆ ಗಲಾಟೆ ಮಾಡಲಿಲ್ಲವಂತೆ. ಮಾಡಿದ್ದರೆ ಎಷ್ಟೋ ವಾಸಿ ಎಂದಳು ಕಾಪುವಿನವಳು. ಅವರು ತನ್ನ ಬಟ್ಟಲು ಹಿಡಿದುಕೊಂಡು ಕೋಣೆಗೆ ಹೋಗಿ ಒಬ್ಬರೇ ಉಣ್ಣತೊಡಗಿದರು. ಮೀನು ತಿನ್ನುವುದನ್ನೇ ಬಿಟ್ಟರು. ಮಗ ಹೆಂಡತಿಯೊಡನೆ ಎಷ್ಟೋ ದಿನ ಮಾತನಾಡಲಿಲ್ಲ. ಅವಳು ಗುಂಪು ಬಿಟ್ಟು ಹೋದಳು. ನಾನು ಫೋನ್ ಮಾಡಿ ಕ್ಷಮೆ ಕೇಳಿದೆ. "ಪರವಾಗಿಲ್ಲ" ಎಂದಳು. ಹದಿನೆಂಟರ ವಯಸ್ಸಿನಿಂದ ನನ್ನನ್ನು "ಮಾರಾಯ್ತಿ" ಎಂದೇ ಕರೆಯುತ್ತಿದ್ದವಳು ಆ ದಿನ ನನ್ನ ಪೂರ್ತಿ ಹೆಸರು ಹಿಡಿದು ಕರೆದಳು.

ಮದ್ರಸದಲ್ಲಿ ಪ್ರತಿ ವರ್ಷ ಸೂರಃ ಅಲ್ ಹುಜುರಾತ್ ಕಲಿಸುವವಳು ನಾನು. ಪರದೂಷಣೆಯ ಕುರಿತಾದ ಅದರ 12ನೇ ಸೂಕ್ತವನ್ನು ಮಕ್ಕಳಿಂದ ಬಾಯಿಪಾಠ ಮಾಡಿಸುತ್ತೇನೆ, ಅರ್ಥ ಬರೆಸುತ್ತೇನೆ. ನಂಬಿ ಹೇಳಿದ ಮಾತು ಅಮಾನತ್ತು ಎಂದು ಉದಾಹರಣೆ ಸಹಿತ ವಿವರಿಸುತ್ತೇನೆ. ಆ ವರ್ಷ ಆ ಪಾಠ ಬಂದಾಗ ಉದಾಹರಣೆ ಕೊಡದೆ ಮುಂದೆ ಹೋದೆ.

ಆಗ ನೆನಪಾದದ್ದು ಉಮ್ಮನ ಕ್ಯಾಸೆಟ್ಟುಗಳು. 1980ರ ದಶಕದಲ್ಲಿ ಬಾಪ ದಮ್ಮಾಮಿನಲ್ಲಿದ್ದರು. ಊರಿಗೆ ಬಂದು ಮರಳುವವರ ಕೈಯಲ್ಲಿ ಉಮ್ಮ ಕ್ಯಾಸೆಟ್ಟಿನಲ್ಲಿ ಮಾತು ತುಂಬಿಸಿ ಕಳುಹಿಸುತ್ತಿದ್ದರು. ನಿಮ್ಮಲ್ಲಿ ಹಲವರ ಮನೆಯಲ್ಲೂ ಇದು ನಡೆದಿರಬಹುದು. ಕೋಳಿ ಮರಿ ಮಾಡಿದ್ದು, ಹಲಸಿನ ಮರದಲ್ಲಿ ಎಷ್ಟು ಕಾಯಿ ಹಿಡಿದಿದೆ ಎಂಬುದು, ನನ್ನ ಹಲ್ಲು ಬಿದ್ದದ್ದು, ಎಲ್ಲವೂ ಅದರಲ್ಲಿ. ಆದರೆ ಮಾಡು ಸೋರುವುದಾಗಲಿ, ಅಂಗಡಿಯ ಸಾಲವಾಗಲಿ ಅದರಲ್ಲಿ ಇರುತ್ತಿರಲಿಲ್ಲ. ದೊಡ್ಡವಳಾದ ಮೇಲೆ ಒಮ್ಮೆ ಕೇಳಿದ್ದೆ. "ಒಂದೇ ಕೋಣೆಯಲ್ಲಿ ಎಂಟು ಗಂಡಸರು. ಒಬ್ಬರಿಗೆ ಬಂದ ಕ್ಯಾಸೆಟ್ಟು ಎಂಟು ಮಂದಿಗೂ ಕೇಳುತ್ತದೆ. ಅದು ನನಗೆ ಗೊತ್ತಿತ್ತು" ಎಂದಿದ್ದರು. ಉಮ್ಮನಿಗೆ ಗೊತ್ತಿತ್ತು, ಆದ್ದರಿಂದ ಕಾಯಿಯ ಲೆಕ್ಕ ಹೇಳಿದರು, ಸಾಲದ ಲೆಕ್ಕ ಹೇಳಲಿಲ್ಲ. ಕಾಪುವಿನವಳಿಗೆ ಗೊತ್ತಿರಲಿಲ್ಲ. ತಾನು ಏಳು ಮಂದಿಗೆ ಮಾತ್ರ ಹೇಳುತ್ತಿದ್ದೇನೆಂದು ನಂಬಿದ್ದಳು.

ಅವಳು ಹೋದ ಮೇಲೆ ಗುಂಪು ಮಾತು ಬಿಟ್ಟಿತು. ಯಾರೂ ನನ್ನನ್ನು ಬೈಯಲಿಲ್ಲ. ಆದರೆ ಎಲ್ಲರೂ ಉಮ್ಮನ ಹಾಗೆ ಅಳೆದು ತೂಗಿ ಹೇಳತೊಡಗಿದರು. ಸಲಾಮ್, ಜುಮಾ ಮುಬಾರಕ್‌ನ ಹೂವಿನ ಚಿತ್ರ, ಪರೀಕ್ಷೆಗೆ ದುಆ ಮಾಡಿ ಎಂಬ ಕೋರಿಕೆ. ಕಾನೂನು ಮಾಡಿದ ಪುತ್ತೂರಿನವಳೇ ಗುಲಾಬಿ ಹೂವು ಕಳುಹಿಸಿದಳು!

ಹಾಗೇ 2020 ಬಂತು. ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿಕೊಂಡಿತು. ಮೇ 12ರಂದು ದುಬೈಯಿಂದ ಮಂಗಳೂರಿಗೆ ಊರವರನ್ನು ಕರೆತರುವ ಮೊದಲ ವಿಮಾನ ಬಂದ ಸುದ್ದಿ ಪತ್ರಿಕೆಯಲ್ಲಿ ಓದಿದೆ. ನಮ್ಮವಳಿಗೂ ಅದಕ್ಕೂ ಸಂಬಂಧವಿದೆ ಎಂದು ತಲೆಗೇ ಹೊಳೆಯಲಿಲ್ಲ. ಜೂನ್ ತಿಂಗಳಲ್ಲಿ ಶಾರ್ಜಾದವಳಿಂದ ಒಂದು ಚಿತ್ರ ಬಂತು. ಕಬ್ಬಿಣದ ಸರಳಿನ ಕಿಟಕಿ, ಹೊರಗೆ ಮಳೆ, ಒಂದು ತೆಂಗಿನಮರ. "ಮಂಗಳೂರಿನಲ್ಲಿ ಕ್ವಾರಂಟೈನಿನಲ್ಲಿದ್ದೇನೆ. ಎರಡು ಮಕ್ಕಳೂ ಜೊತೆಗಿದ್ದಾರೆ" ಎಂದು ಬರೆದಿದ್ದಳು. ಗಂಡನಿಗೆ ಫೆಬ್ರವರಿಯಿಂದ ಅರ್ಧ ಸಂಬಳ, ಏಪ್ರಿಲ್‌ನಿಂದ ಅದೂ ಇಲ್ಲ. ಬಳೆ ಮಾರಿ ಬಾಡಿಗೆ ಕೊಟ್ಟಿದ್ದಳು.

ನಮಗೆ ಯಾರಿಗೂ ಗೊತ್ತಿರಲಿಲ್ಲ. ಹಿಂದಿನ ದಿನಗಳಾಗಿದ್ದರೆ ಅವಳು ಸಂಬಳದ ವಿಷಯ ನೇರವಾಗಿ ಹೇಳುತ್ತಿರಲಿಲ್ಲ, ನಿಜ. ಯಾರು ತಾನೇ ಹೇಳುತ್ತಾರೆ? ಆದರೆ ಟೊಮೆಟೊ ದುಬಾರಿಯಾಯಿತು ಎನ್ನುತ್ತಿದ್ದಳು, ಮಗನ ಚಪ್ಪಲಿಗೆ ಪಿನ್ನು ಹಾಕಿದೆ ಎನ್ನುತ್ತಿದ್ದಳು, ಮೂರು ದಿನದಿಂದ ಬೇಳೆಸಾರೇ ಎಂದು ಗೊಣಗುತ್ತಿದ್ದಳು. ನಮ್ಮಲ್ಲಿ ಒಬ್ಬಳಾದರೂ ಕಿವಿ ನಿಮಿರಿಸಿ, "ಏನೇ, ಎಲ್ಲಾ ಸರಿ ಉಂಟಾ?" ಎಂದು ಪ್ರತ್ಯೇಕವಾಗಿ ಕೇಳುತ್ತಿದ್ದಳು. ಆ ದಾರಿ ಮುಚ್ಚಿಹೋಗಿತ್ತು. ಮುಚ್ಚಿದವಳು ನಾನು.

ಬಸ್ಸುಗಳು ಸರಿಯಾಗಿ ಓಡಾಡಲು ಸುರುವಾದ ಮೇಲೆ, ನವೆಂಬರಿನ ಒಂದು ರವಿವಾರ, ಉಪ್ಪಿನಂಗಡಿಯಿಂದ ಮಂಗಳೂರು, ಅಲ್ಲಿಂದ ಉಡುಪಿ ಬಸ್ಸು ಹತ್ತಿ ಕಾಪುವಿಗೆ ಹೋದೆ. ಗೆಳತಿ ಬಾಗಿಲು ತೆರೆದು ಸುಮ್ಮನೆ ನಿಂತಳು. "ನಿನ್ನನ್ನಲ್ಲ, ಮಾಮಿಯನ್ನು ನೋಡಲು ಬಂದೆ" ಎಂದೆ.

ಮಾಮಿ ಹಿಂದಿನ ಜಗಲಿಯಲ್ಲಿ ಅಡಿಕೆ ಹೋಳು ಮಾಡುತ್ತಿದ್ದರು. ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ಮಾತೆಲ್ಲಾ ಮರೆತುಹೋಯಿತು. "ನಿಮ್ಮ ಸೊಸೆ ನಮಗೆ ಮಾತ್ರ ಹೇಳಿದ್ದಳು. ಊರಿಗೆ ಹಬ್ಬಿಸಿದ್ದು ನಾನು. ಪೊರುಂದಿ ಬಿಡಿ ಮಾಮೀ" ಎಂದೆ.

ಅವರು ತುಂಬಾ ಹೊತ್ತು ಅಡಿಕೆಯನ್ನೇ ಕತ್ತರಿಸಿದರು. ಆಮೇಲೆ ಹೇಳಿದರು. "ನಾನು ಈ ಮನೆಗೆ ಬಂದಾಗ ಹದಿನೇಳು ಮಂದಿ. ಬಡಿಸಿ ಕೊನೆಗೆ ಉಣ್ಣುವವಳು ನಾನು. ಒಂದು ದಿನವೂ ಇಡೀ ಮೀನು ನನ್ನ ಬಟ್ಟಲಿಗೆ ಬರಲಿಲ್ಲ. ಇವಳೂ ಕೊನೆಗೇ ಉಣ್ಣುವುದು. ಇವಳಿಗೆ ಸಿಕ್ಕಿತೋ ಇಲ್ಲವೋ ಎಂದು ಎಣಿಸುವುದು ನಾನು. ಕೇಳಿದರೆ ಹೇಳುವವಳಲ್ಲ ಇವಳು."

ಬಾಗಿಲ ಮರೆಯಲ್ಲಿ ನಿಂತಿದ್ದ ಗೆಳತಿ ಸೆರಗಿನಿಂದ ಕಣ್ಣೊರೆಸಿದಳು. ನಾನೂ ಅತ್ತೆ. ಬಸ್ಸಿನವರೆಗೆ ಬಿಡಲು ಬಂದವಳು ದಾರಿಯಲ್ಲಿ ನನ್ನ ಕೈ ಚಿವುಟಿ, "ಅದು ಅರ್ಧ ನಿಜ ಮಾರಾಯ್ತಿ. ಮಾಮಿ ಬಟ್ಟೆಯ ಕ್ಲಿಪ್ಪನ್ನೂ ಎಣಿಸುತ್ತಾರೆ" ಎಂದಳು. ಬಸ್ಸು ಹತ್ತಿದ ಮೇಲೆ ಹೊಳೆಯಿತು, ಮತ್ತೆ ಮಾರಾಯ್ತಿ ಎಂದಿದ್ದಳು.

ಅದೇ ವಾರ ಅವಳು ಗುಂಪಿಗೆ ಮರಳಿದಳು. ಎಲ್ಲವೂ ಮೊದಲಿನ ಹಾಗೆ ಆಯಿತೆಂದು ಹೇಳಲಾರೆ. ಅವಳು ಈಗ ಯಾರ ಧ್ವನಿಯನ್ನೂ ಅನುಕರಿಸುವುದಿಲ್ಲ. ನಮಗೆ ಅದರ ಕೊರತೆ ಇದೆ. ಕೇಳಲು ನನಗೆ ಬಾಯಿಯಿಲ್ಲ. ಶಾರ್ಜಾದವಳು ಈಗ ತೀರ್ಥಹಳ್ಳಿಯ ತವರಿನಲ್ಲಿ ಹೊಲಿಗೆ ಮಾಡುತ್ತಾಳೆ, ನಾವು ಅವಳನ್ನು ಈಗಲೂ ಶಾರ್ಜಾದವಳು ಎಂದೇ ಕರೆಯುತ್ತೇವೆ. ಇನ್ನೊಂದು ಬದಲಾವಣೆಯೂ ಆಗಿದೆ. ನಮ್ಮೆಲ್ಲರ ಒಪ್ಪಿಗೆ ಪಡೆದೇ ಕಾಪುವಿನವಳು ನಮ್ಮ ಸಂದೇಶಗಳನ್ನು ಮಾಮಿಗೂ ಕೇಳಿಸುತ್ತಾಳೆ. ಮಾಮಿಗೆ ಕೇಳಬಾರದ್ದಿದ್ದರೆ ಮೊದಲೇ "ಇದು ನಿನಗೆ ಮಾತ್ರ" ಎನ್ನುತ್ತೇವೆ. ಈ ಬರಹವನ್ನೂ ಇಬ್ಬರಿಗೂ ಓದಿಹೇಳಿದ್ದೇನೆ. ಹದಿನಾಲ್ಕಲ್ಲ, ಹದಿನೈದು ಬೂತಾಯಿ ಎಂದು ಮಾಮಿ ತಿದ್ದಿದರು. ಸೊಸೆ ಒಪ್ಪಲಿಲ್ಲವಾದ್ದರಿಂದ ಹಾಗೆಯೇ ಬಿಟ್ಟಿದ್ದೇನೆ.

ಮಿಕ್ಸಿಯ ವಿಷಯಕ್ಕೆ ಬರುತ್ತೇನೆ. ಅದು ಕೆಟ್ಟದ್ದು ಕಳೆದ ತಿಂಗಳು. ಗುಂಪಿಗೆ ಹೇಳಿದೆ. ಜುಬೈಲಿನವಳು "ಅಯ್ಯೋ" ಎಂದಳು, ಭಟ್ಕಳದವಳು ಅರೆಯುವ ಕಲ್ಲು ಮಾರಿದ್ದಕ್ಕೆ ಬೈದಳು. ಅಷ್ಟರಲ್ಲಿ ಕಾಪುವಿನಿಂದ ಒಂದು ಧ್ವನಿ ಸಂದೇಶ. ಗೆಳತಿ ನಗುತ್ತಿದ್ದಾಳೆ. ಹಿಂದಿನಿಂದ ಮಾಮಿಯ ಧ್ವನಿ:

"ಕವುಚಿ ಹಾಕಿ ನೋಡಲು ಹೇಳು. ಅಡಿಯಲ್ಲಿ ಕೆಂಪು ಗುಂಡಿ ಉಂಟು, ಒತ್ತಲಿ. ಎಷ್ಟು ಕಡಿ ಕಾಯಿ ಹಾಕಿದ್ದಳಂತೆ, ಕೇಳು."

ಎರಡು ಎಂದು ಬರೆದು ಕಳುಹಿಸಿ, ಮಿಕ್ಸಿಯನ್ನು ಕವುಚಿ ಹಾಕಿದೆ.